1967ರ ಮಸ್ಟ್ಯಾಂಗೋ, 1968ರ ಮಸ್ಟ್ಯಾಂಗೋ: ಒಂಬತ್ತು ಬೇಸಿಗೆ ಓಡಿಸಿದವನ ಮಾತು

ನನ್ನ ಬಳಿ ಇರುವುದು 1968ರ ಫೋರ್ಡ್ ಮಸ್ಟ್ಯಾಂಗ್ ಹಾರ್ಡ್‌ಟಾಪ್. 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಎರಡು ಬ್ಯಾರಲ್ (ಎರಡು ಬಾಯಿಯ) ಕಾರ್ಬ್ಯುರೇಟರ್, ಮೂರು ಗೇರಿನ ಆಟೊಮ್ಯಾಟಿಕ್. ಡೆಟ್ರಾಯಿಟ್ ಪಕ್ಕದ ನಮ್ಮ ಮನೆಗೆ ಅದು ಬಂದು ಒಂಬತ್ತು ಬೇಸಿಗೆಗಳಾದವು. ನನ್ನ ಕೈಯಲ್ಲಿ ಸುಮಾರು ಹನ್ನೊಂದು ಸಾವಿರ ಮೈಲಿ ಓಡಿದೆ. ಕಾರು ನೋಡಲು ಬಂದವರೆಲ್ಲ ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ: 67 ಒಳ್ಳೆಯದೋ, 68 ಒಳ್ಳೆಯದೋ? ಕೊಳ್ಳುವ ಮೊದಲು ನಾನೂ ಇದನ್ನೇ ಕೇಳುತ್ತ ತಿರುಗಿದವನು. ಒಂದೇ ವಾರದಲ್ಲಿ ಎರಡನ್ನೂ ಓಡಿಸಿ ನೋಡಿ, ಮನಸ್ಸು ಬಯಸಿದ್ದನ್ನು ಬಿಟ್ಟು ಇನ್ನೊಂದನ್ನು ತಂದೆ.

ಮೊದಲೇ ಒಂದು ಮಾತು. ನನ್ನ ಕಾರನ್ನು ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್‌ನ ಬಲಶಾಲಿ ಕಾರು, ಎಂದರೆ ಇಲ್ಲಿನ ಹಳಬರು ಮುಖ ಸಿಂಡರಿಸುತ್ತಾರೆ. ಅವರ ಲೆಕ್ಕದಲ್ಲಿ ಮಸ್ಟ್ಯಾಂಗ್ ಪೋನಿ ಕಾರು, ಅಂದರೆ ಸಣ್ಣ ಮೈಯ ಚುರುಕು ಕಾರು. ಬಾನೆಟ್ ಕೆಳಗೆ 390 ಅಥವಾ 428 ಕ್ಯೂಬಿಕ್ ಇಂಚಿನ ಎಂಜಿನ್ ಇದ್ದರೆ ಮಾತ್ರ ಆ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ. ನನ್ನದು ಪಂಕ್ತಿಯ ಹೊರಗಿನದು. ಆದರೂ ಆಯ್ಕೆಯ ತಲೆನೋವು ಎಲ್ಲರಿಗೂ ಒಂದೇ.

ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಅವಳಿ ಮಕ್ಕಳು. 108 ಇಂಚಿನ ಅದೇ ವೀಲ್‌ಬೇಸ್, ಒಳಕ್ಕೆ ಬಾಗಿದ ಅದೇ ಹಿಂಭಾಗ, ಪಕ್ಕದಲ್ಲಿ ಅದೇ ಮಡಿಕೆ. ವ್ಯತ್ಯಾಸ ಹುಡುಕಲು ಹತ್ತಿರ ಹೋಗಬೇಕು. 67ರ ಬಾನೆಟ್ ಅಂಚಿನಲ್ಲಿ ಫೋರ್ಡ್ ಎಂಬ ನಾಲ್ಕು ಬಿಡಿ ಅಕ್ಷರಗಳಿವೆ, 68ರಲ್ಲಿ ಇಲ್ಲ. 67ರ ಗ್ರಿಲ್‌ನಲ್ಲಿ ಲಾಂಛನದ ಕುದುರೆಯ ಎರಡೂ ಕಡೆ ಅಡ್ಡ ಪಟ್ಟಿಗಳಿವೆ, 68ರಲ್ಲಿ ಕುದುರೆ ಬಯಲಲ್ಲಿ ಒಂಟಿಯಾಗಿ ಓಡುತ್ತಿದೆ. ಹಿಂದಿನ ಚಕ್ರದ ಮುಂದೆ 67ಕ್ಕೆ ಗಾಳಿಕಿಂಡಿಯಂತೆ ನಟಿಸುವ ಜೋಡಿ ಉಬ್ಬುಗಳು, 68ಕ್ಕೆ ಒಂದು ತೆಳುವಾದ ಕ್ರೋಮ್ ಪಟ್ಟಿ. ಆ ಕಿಂಡಿಗಳೊಳಗೆ ಗಾಳಿ ಹೋಗುವುದಿಲ್ಲ, ಬರೀ ತೋರಿಕೆ. ಆದರೂ ನನ್ನ ಕಣ್ಣಿಗೆ 67ರ ಪಕ್ಕೆಯೇ ಚೆಂದ. ಒಂಬತ್ತು ವರ್ಷವಾದರೂ ಈ ಅಭಿಪ್ರಾಯ ಬದಲಾಗಿಲ್ಲ.

ಎಂಜಿನ್ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಎರಡು ಬ್ಯಾರಲ್ 289ಕ್ಕೆ 67ರಲ್ಲಿ 200 ಅಶ್ವಶಕ್ತಿ, 68ರಲ್ಲಿ 195. ಆ ಐದು ಕುದುರೆ ಕಾಣೆಯಾದದ್ದು ನನ್ನ ಬಲಗಾಲಿಗೆ ಇಂದಿಗೂ ಗೊತ್ತಾಗಿಲ್ಲ. 67ರಲ್ಲಿ ಎಂಜಿನ್ ಕೋಣೆಯನ್ನು ಅಗಲ ಮಾಡಿ ಮೊದಲ ಬಾರಿಗೆ 390 ಕೂರಿಸಿದರು. 68ರಲ್ಲಿ 302 ಬಂತು, ನಾಲ್ಕು ಬ್ಯಾರಲ್‌ನೊಂದಿಗೆ 230 ಅಶ್ವಶಕ್ತಿ. ಆ ವರ್ಷದ ಏಪ್ರಿಲ್‌ನಲ್ಲಿ 428 ಕೋಬ್ರಾ ಜೆಟ್ ಸೇರಿತು. 271 ಅಶ್ವಶಕ್ತಿಯ 289 ಬೇಕೇ ಬೇಕು ಎನ್ನುವವರಿಗೆ 67 ಬಿಟ್ಟರೆ ಇನ್ನೂ ಹಿಂದಕ್ಕೆ ಹೋಗಬೇಕು, 68ರಲ್ಲಿ ಅದು ಇಲ್ಲ. ಪರಿಚಿತರೊಬ್ಬರ 390 ಓಡಿಸಿದ್ದೇನೆ. ನೇರ ರಸ್ತೆಯಲ್ಲಿ ಹಬ್ಬ. ತಿರುವು ಬಂದಾಗ ಮೂಗಿನ ಭಾರ ಎಳೆಯುತ್ತದೆ, ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಬೆರಳ ಗೆಣ್ಣುಗಳ ಚರ್ಮ ಹೋಗುತ್ತದೆ.

ಈಗ ನಿಜವಾದ ವಿಷಯ. ಬಾನೆಟ್‌ಗೂ ಮುಂಗಾಜಿಗೂ ನಡುವೆ ಜಾಲರಿಯಂಥ ಸೀಳುಗಳಿರುವ ತಗಡು ಇದೆಯಲ್ಲ, ಅದನ್ನು ಕೌಲ್ ಎನ್ನುತ್ತಾರೆ. ಅದರ ಕೆಳಗೆ ಇನ್ನೊಂದು ತಗಡು, ನಡುವೆ ಟೊಳ್ಳು. ಕಾರಿನೊಳಕ್ಕೆ ಗಾಳಿ ಬರುವುದು ಅಲ್ಲಿಂದ. ಮಳೆನೀರೂ ಅಲ್ಲಿಗೇ ಬಿದ್ದು, ಪಕ್ಕಕ್ಕೆ ಹರಿದು, ಮುಂದಿನ ಮಡ್‌ಗಾರ್ಡ್‌ಗಳ ಹಿಂದಿನಿಂದ ನೆಲಕ್ಕೆ ಇಳಿಯಬೇಕು. ಐವತ್ತು ವರ್ಷ ಮರದ ಕೆಳಗೆ ನಿಂತ ಕಾರಿನಲ್ಲಿ ಆ ಟೊಳ್ಳಿನೊಳಗೆ ಎಲೆ ಕೊಳೆತು ಗೊಬ್ಬರವಾಗಿರುತ್ತದೆ. ಗೊಬ್ಬರ ತೇವ ಹಿಡಿಯುತ್ತದೆ, ತೇವ ತಗಡನ್ನು ತಿನ್ನುತ್ತದೆ. ಗಾಳಿ ಒಳಬರುವ ರಂಧ್ರಗಳ ಬುಡ ಮೊದಲು ಹೋಗುತ್ತದೆ, ಆಮೇಲೆ ನೀರು ನೇರ ಕಾಲ ಬುಡಕ್ಕೆ. ಈ ರಚನೆ ಎರಡೂ ವರ್ಷಕ್ಕೆ ಒಂದೇ. ಸರಿಪಡಿಸಬೇಕಾದರೆ ಮುಂಗಾಜು ತೆಗೆದು, ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು, ಮೇಲಿನ ತಗಡು ಎತ್ತಬೇಕು. ತಗಡಿಗೆ ತಗಲುವ ದುಡ್ಡು ಕಡಿಮೆ, ಟಿಂಕರಿಂಗ್ ಕೂಲಿಯೇ ಬೆನ್ನು ಮುರಿಯುತ್ತದೆ.

ನಾನು ಮೊದಲು ನೋಡಿದ 67 ಓಹಾಯೋದಲ್ಲಿತ್ತು. ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಒಳಗೆ ಹೊಸ ಕಾರ್ಪೆಟ್‌ನ ವಾಸನೆ. ಜೊತೆಗೆ ಬಂದಿದ್ದ ನೆರೆಯವರು, ಫೋರ್ಡ್‌ನ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಒಂದು ಲೋಟ ನೀರು ತರಿಸಿ ಕೌಲ್ ಮೇಲೆ ನಿಧಾನವಾಗಿ ಸುರಿದರು. ಮಾರುವವನ ಮುಖ ಗಂಟಿಕ್ಕಿತು. ನಾನು ಪ್ರಯಾಣಿಕರ ಬದಿಯಲ್ಲಿ ತಲೆ ಕೆಳಗೆ ಮಾಡಿ ಮಲಗಿ ಹೀಟರ್ ಪೆಟ್ಟಿಗೆಯ ಪಕ್ಕ ಟಾರ್ಚ್ ಹಿಡಿದಿದ್ದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಹನಿ, ಅದರ ಹಿಂದೆಯೇ ಇನ್ನೊಂದು. ಹೊಸ ಕಾರ್ಪೆಟ್‌ನ ಮೂಲೆ ರೂಪಾಯಿಯಗಲ ಕಪ್ಪಾಯಿತು. ಅಂಚೆತ್ತಿ ನೋಡಿದರೆ ನೆಲದ ತಗಡಿನ ಮೇಲೆ ಇನ್ನೊಂದು ತಗಡು ಹೊದಿಸಿ ಕಪ್ಪು ಬಳಿದಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ಮಾರುವವನು ಹೇಳಿದ್ದು ಇಷ್ಟೇ: ‘ಇಂಥ ಕಾರನ್ನು ಮಳೆಯಲ್ಲಿ ಯಾರು ಓಡಿಸುತ್ತಾರೆ?’

ನಾಲ್ಕು ದಿನದ ನಂತರ ನೋಡಿದ 68ಕ್ಕೆ ಲೈಮ್ ಗೋಲ್ಡ್ ಬಣ್ಣ, ಅದೂ ಬಿಸಿಲಿಗೆ ಮಾಸಿದ್ದು. ಸೀಟು ಹರಿದಿತ್ತು, ಡ್ಯಾಶ್‌ಬೋರ್ಡ್ ಮೇಲೆ ಬಿರುಕು. ಹೆಚ್ಚು ಕಾಲ ಅರಿಝೋನಾದ ಒಣಹವೆಯಲ್ಲಿ ಇದ್ದ ಕಾರು. ಎರಡು ಚೊಂಬಿನಷ್ಟು ನೀರು ಸುರಿದರೂ ಒಳಗೆ ಒಂದು ಹನಿ ಇಳಿಯಲಿಲ್ಲ. ಎರಡು ಮಡ್‌ಗಾರ್ಡ್‌ಗಳ ಹಿಂದಿನಿಂದ ಧಾರೆಯಾಗಿ ನೆಲಕ್ಕೆ ಬಿತ್ತು. ಅವತ್ತೇ ಮುಂಗಡ ಕೊಟ್ಟೆ. ನಂಬರ್ ತಗಡು ಓದಿದ ನೆರೆಯವರು ಮಾತ್ರ ಮೂಗು ಮುರಿದರು. 8R01C ಎಂದು ಶುರುವಾಗುತ್ತದೆ: 8 ಎಂದರೆ 1968, R ಎಂದರೆ ಸ್ಯಾನ್ ಹೋಸೆ ಕಾರ್ಖಾನೆ, 01 ಹಾರ್ಡ್‌ಟಾಪ್, C ಎಂದರೆ ಎರಡು ಬ್ಯಾರಲ್ 289. ‘ಇದು ನಾವು ಮಾಡಿದ್ದಲ್ಲ’ ಎಂದರು. ಅವರ ಡಿಯರ್‌ಬಾರ್ನ್‌ಗೆ F ಅಕ್ಷರ. ಆ ಸ್ಯಾನ್ ಹೋಸೆ ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ; ಈಗ ಅದೇ ಕಟ್ಟಡ ಗ್ರೇಟ್ ಮಾಲ್. ಬೇ ಏರಿಯಾದ ಕನ್ನಡಿಗರು ಬಟ್ಟೆ ಕೊಳ್ಳಲು ಹೋಗುವ ಜಾಗದಲ್ಲಿ ನನ್ನ ಕಾರು ಹುಟ್ಟಿದೆ.

ಓಡಿಸಲು ತೊಡಗಿದ ಮೇಲೆ 68ರ ಪರ ಎರಡು ಅಂಶ ಕಂಡವು. ಒಂದು ಬ್ರೇಕ್. ಎರಡೂ ವರ್ಷದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ನಾಲ್ಕೂ ಚಕ್ರಕ್ಕೆ ಡ್ರಮ್, ಮುಂದಿನ ಡಿಸ್ಕ್‌ಗೆ ಬೇರೆ ದುಡ್ಡು. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ನಲ್ಲಿ 67ಕ್ಕೆ ನಾಲ್ಕು ಪಿಸ್ಟನ್. ಕಾರು ತಿಂಗಳುಗಟ್ಟಲೆ ನಿಂತರೆ ಯಾವುದಾದರೊಂದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. 68ಕ್ಕೆ ಒಂದೇ ಪಿಸ್ಟನ್‌ನ ಸರಳ ಕ್ಯಾಲಿಪರ್ ಬಂತು. ನನ್ನದು ಡ್ರಮ್ ಕಾರು. ತೊಳೆದ ದಿನ ಬ್ರೇಕ್ ಒತ್ತಿದರೆ ಹಠಮಾರಿ ಎತ್ತಿನಂತೆ ಎಡಕ್ಕೆ ಎಳೆಯುತ್ತಿತ್ತು. ಎರಡನೆಯ ವರ್ಷ 68ರ ಮಾದರಿಯ ಡಿಸ್ಕ್ ಹಾಕಿಸಿದೆ. ಹಾಕಿದ ವರ್ಕ್‌ಶಾಪಿನವರು ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರನ್ನು, ಹಳೆಯ ಡ್ರಮ್‌ನದ್ದನ್ನೇ, ಹಾಗೆಯೇ ಬಿಟ್ಟಿದ್ದರು. ಅದರೊಳಗಿನ ವಾಲ್ವ್ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್‌ಗೆ ಅದು ಬೇಕು, ಡಿಸ್ಕ್‌ಗೆ ಬೇಡ. ಹತ್ತು ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಚಕ್ರ ಮುಟ್ಟಿದರೆ ದೋಸೆ ಕಾವಲಿ. ಸಿಲಿಂಡರ್ ಬದಲಿಸಿದ ಮೇಲೆ ಇಂದಿನವರೆಗೆ ಬ್ರೇಕ್ ತಂಟೆ ಮಾಡಿಲ್ಲ.

ಇನ್ನೊಂದು ಸೀಟ್ ಬೆಲ್ಟ್. 1968ರ ಜನವರಿ 1ರಿಂದ ಅಮೆರಿಕದ ನಿಯಮದಂತೆ ಮುಂದಿನ ಸೀಟುಗಳಿಗೆ ಭುಜದ ಬೆಲ್ಟ್ ಕಡ್ಡಾಯವಾಯಿತು. ಆದರೆ 68ರ ಮಾದರಿ ಮಾರಾಟಕ್ಕೆ ಬಂದದ್ದು 67ರ ಶರತ್ಕಾಲದಲ್ಲೇ. ಆದ್ದರಿಂದ ಬಾಗಿಲ ತಗಡಿನ ಮೇಲಿನ ತಯಾರಿಕೆಯ ದಿನಾಂಕ ನೋಡಿ, ವರ್ಷ ಒಂದನ್ನೇ ನಂಬಬೇಡಿ. ನನ್ನದರಲ್ಲಿ ಬೆಲ್ಟ್ ಇದೆ, ಆದರೆ ಸೊಂಟಕ್ಕೊಂದು, ಭುಜಕ್ಕೊಂದು, ಎರಡಕ್ಕೂ ಬೇರೆ ಬಕಲ್. ಭುಜದ್ದು ಚಾವಣಿಗೆ ಸಿಕ್ಕಿಸಿರುತ್ತದೆ, ತಾನಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಬಿಗಿ ಮಾಡಿಕೊಂಡರೆ ಹೆಡ್‌ಲೈಟ್ ಗುಂಡಿಗೆ ಕೈ ಎಟುಕುವುದಿಲ್ಲ. ನಮ್ಮ ಅಮ್ಮ ಊರಿನಿಂದ ಬಂದಾಗ ಸೀರೆಯ ಮೇಲೆ ಅದನ್ನು ಕಟ್ಟಿಕೊಳ್ಳಲು ಐದು ನಿಮಿಷ ಹಿಡಿಯಿತು. ‘ಇಷ್ಟು ದುಡ್ಡು ಕೊಟ್ಟು ಇಷ್ಟು ಹಳೆಯದನ್ನು ಯಾಕೋ ತಂದೆ?’ ಎಂದು ಕೇಳಿದ್ದೂ ಆಗಲೇ. ಉತ್ತರ ಕೊಡದೆ ಎಂಜಿನ್ ಶುರು ಮಾಡಿದೆ. ಮುಂದಿನ ಸಸ್ಪೆನ್ಷನ್ ಕಿರುಗುಟ್ಟಿತು. ಕೀಲೆಣ್ಣೆ ಕಾಣದ ಎತ್ತಿನ ಬಂಡಿಯ ಸದ್ದು ಅದು, ಈ ಕಾರುಗಳ ಹುಟ್ಟುಗುಣ. ಅಮ್ಮನಿಗೆ ಕೂಡಲೇ ಗುರುತು ಸಿಕ್ಕಿತು.

68ರ ಮೈಮೇಲೆ ಕಾನೂನು ಬಿಟ್ಟ ಇನ್ನೊಂದು ಗುರುತಿದೆ: ಮುಂದಿನ ಮಡ್‌ಗಾರ್ಡ್ ಪಕ್ಕದಲ್ಲಿ ಸಣ್ಣ ದೀಪ, ಹಿಂದಿನ ಪಕ್ಕದಲ್ಲಿ ಪ್ರತಿಫಲಕ. ಕೊಳ್ಳುವವರಿಗೆ ಇದು ಬಹಳ ಉಪಯೋಗಿ. 67ಕ್ಕೆ ಬೇಡಿಕೆ ಹೆಚ್ಚೆಂದು 68ಕ್ಕೆ 67ರ ವೇಷ ಹಾಕುವವರಿದ್ದಾರೆ. ಗ್ರಿಲ್, ಬಾನೆಟ್, ಪಕ್ಕದ ಉಬ್ಬು ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತವೆ. ಪ್ರತಿಫಲಕ ಇರಬೇಕಾದ ಜಾಗದಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ. ಅಂಟದೆ ಜಾರಿದರೆ ಒಳಗಿರುವುದು ಪುಟ್ಟಿ. ಒಳಗೆ ಕನ್ನಡಿ ನೋಡಿ: 68ರಲ್ಲಿ ಅದು ಮುಂಗಾಜಿಗೇ ಅಂಟಿರುತ್ತದೆ, 67ರಲ್ಲಿ ಗಾಜಿನ ಮೇಲಿನ ಚೌಕಟ್ಟಿಗೆ. ಕಾರ್ಖಾನೆಯ ದಾಖಲೆಯಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ 1967ರಿಂದ ಈಚಿನ ಕಾರುಗಳಿಗೆ ಸಿಗುತ್ತದೆ. ದುಡ್ಡು ಕೊಡುವ ಮೊದಲು ತರಿಸಿಕೊಳ್ಳಿ.

ಸಂಖ್ಯೆಯಲ್ಲಿ 67 ಹೆಚ್ಚು. ಆ ವರ್ಷ 4,72,121 ಮಸ್ಟ್ಯಾಂಗ್ ತಯಾರಾದವು, 68ರಲ್ಲಿ 3,17,404. ಪೈಪೋಟಿಗೆ ಶೆವರ್ಲೆಯ ಕ್ಯಾಮಾರೋ ಬಂದಿತ್ತು, 67ರ ಸೆಪ್ಟೆಂಬರಿನಿಂದ ಫೋರ್ಡ್‌ನಲ್ಲಿ ವಾರಗಟ್ಟಲೆ ಮುಷ್ಕರವೂ ನಡೆಯಿತು. ಆದರೂ ಅಪರೂಪದ 68ಕ್ಕಿಂತ 67ಕ್ಕೇ ಬೆಲೆ ಹೆಚ್ಚು ಕೇಳುವವರಿದ್ದಾರೆ. ಬೆಲೆ ಕಟ್ಟುವುದು ಎಣಿಕೆಯಲ್ಲ, ಮೋಹ. ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ಆದರೆ ಎರಡೂ ವರ್ಷದವು ನನ್ನಂಥವರ ಕೈಗೆ ಎಟುಕುವುದಿಲ್ಲ, ಸಿನಿಮಾಗಳ ಕೃಪೆ.

ಸಾಕುವ ಖರ್ಚು ಅಂದುಕೊಂಡಷ್ಟಿಲ್ಲ. ಬಿಡಿಭಾಗಗಳು ಎರಡಕ್ಕೂ ಹೇರಳ. ಒಂದು ಲೀಟರ್‌ಗೆ ಆರು ಕಿಲೋಮೀಟರ್ ಓಡಿದರೆ ಅಂದು ಅದು ಖುಷಿಯಲ್ಲಿದೆ ಎಂದರ್ಥ. ಪೆಟ್ರೋಲ್‌ನಲ್ಲಿ ಬೆರೆತ ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ತಿನ್ನುತ್ತದೆ, ಮೊದಲ ವಾರವೇ ಬದಲಿಸಿ. ಪೆಟ್ರೋಲ್ ಟ್ಯಾಂಕ್‌ನ ಮೇಲ್ಭಾಗವೇ ಡಿಕ್ಕಿಯ ನೆಲ, ಹಾಗಾಗಿ ಭಾರದ ಸಾಮಾನು ಎಸೆಯಬೇಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೀಳುವ ಮೊದಲೇ ಶೆಡ್ಡಿಗೆ. ನಾನು ಕಾರು ತಂದಾಗ ಮಿಷಿಗನ್‌ನಲ್ಲಿ ಹಳೆಯ ಕಾರಿನ ವಿಶೇಷ ನಂಬರ್ ಪ್ಲೇಟ್ ಪಡೆದರೆ ಪ್ರದರ್ಶನ, ಮೆರವಣಿಗೆಗಳಂಥವಕ್ಕಷ್ಟೇ ಹೋಗಬಹುದಿತ್ತು. ಆಗಸ್ಟ್ ತಿಂಗಳಿಗೆ ಮಾತ್ರ ವಿನಾಯಿತಿ ಇತ್ತು. ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮಹಾ ಮೆರವಣಿಗೆಯೂ ಆಗಸ್ಟ್‌ನಲ್ಲೇ. ನಾನು ಮಾಮೂಲಿ ಪ್ಲೇಟನ್ನೇ ಇಟ್ಟುಕೊಂಡಿದ್ದೇನೆ, ಜೂನ್‌ನಲ್ಲೂ ತರಕಾರಿ ತರಬೇಕಲ್ಲ.

ಹಾಗಾದರೆ ಯಾವುದು? ಕೌಲ್ ಒಣಗಿರುವುದು. ಎರಡೂ ಒಣಗಿದ್ದು ಬೆಲೆಯೂ ಸಮನಾಗಿದ್ದರೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರಿಗೆ 68, ನಿಲ್ಲಿಸಿ ನೋಡುವವರಿಗೆ 67. ನನ್ನ ನೆರೆಯವರು ಹೋದ ವರ್ಷ 67 ಕೊಂಡರು, F ಅಕ್ಷರದ್ದು. ಸಂಜೆ ಅವರು ನನ್ನ ಕಾರಿನಲ್ಲಿ ಬಂದು ಕೂರುತ್ತಾರೆ, ನಾನು ಅವರ ಕಾರಿನ ಪಕ್ಕೆ ಸವರಿ ಬರುತ್ತೇನೆ.