ಹಳೆಯ ಜೀಪಿಗೆ ಹಳೆಯ ಹವಾಲ್ದಾರ: ಹೊಸನಗರದ ಕಡೆಯ ಒಂದು ಗ್ಯಾರೇಜು

ಮೊದಲೇ ಹೇಳಿಬಿಡುತ್ತೇನೆ. ಈ ಗ್ಯಾರೇಜಿಗೆ ಬೋರ್ಡಿಲ್ಲ, ಮೇಸ್ತ್ರಿ ಫೋನ್ ಎತ್ತುವುದಿಲ್ಲ, ಹೇಳಿದ ದಿನಕ್ಕೆ ಗಾಡಿ ಕೈಗೆ ಸಿಕ್ಕಿತೆಂದು ಹೇಳುವವರೂ ನನಗೆ ಸಿಕ್ಕಿಲ್ಲ. ಇಷ್ಟಾದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಪೆಟ್ರೋಲ್ ಜೀಪು ಇಟ್ಟುಕೊಂಡವರು ಬೇರೆಲ್ಲಿಯೋ ದುಡ್ಡು ಸುರಿಯುವ ಮೊದಲು ಒಮ್ಮೆ ಇಲ್ಲಿಗೆ ಹೋಗಬೇಕು. ‘ಹೆಸರು ಹಾಕಬೇಡಿ, ಇರುವ ಕೆಲಸವೇ ಮುಗಿಯುತ್ತಿಲ್ಲ’ ಎಂದು ಮೇಸ್ತ್ರಿ ಕೇಳಿಕೊಂಡಿದ್ದಾರೆ. ಹೊಸನಗರದಿಂದ ‘ನಗರ’ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಹೆಂಚಿನ ಶೆಡ್ಡಿನ ಮುಂದೆ ಬಾನೆಟ್ ಬಿಚ್ಚಿದ ಜೀಪುಗಳ ಸಾಲು ಕಂಡರೆ ಅದೇ.

ನಮ್ಮದು ಅಪ್ಪ ಕೊಂಡ ಮಹೀಂದ್ರಾ ಸಿಜೆ-3ಬಿ. ಬಾನೆಟ್ ಎತ್ತರವಿರುವ ಆ ಜೀಪು. ಎರಡನೆಯ ಮಹಾಯುದ್ಧದ, ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು, ಹಾಗಾಗಿ ಎಂಜಿನ್ ಗಿಡ್ಡ, ಬಾನೆಟ್ಟೂ ತಗ್ಗು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವುಗಳು ತಲೆಯ ಮೇಲೆ ಹತ್ತಿದವು. ಆ ಎತ್ತರದ ಎಂಜಿನ್ ಹಳೆಯ ಮೈಯೊಳಗೆ ಕೂರಲೆಂದು 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿ ಸಿಜೆ-3ಬಿ ಮಾಡಿದರು. ನೋಡಲು ಚೆಂದವಲ್ಲ, ಒಪ್ಪುತ್ತೇನೆ. ಆದರೆ ಕೊಳೆ ಔಷಧಿಯ ಡ್ರಮ್ಮು ಹೇರಿಕೊಂಡು ಜಡಿಮಳೆಯಲ್ಲಿ ತೋಟದಿಂದ ಮೇಲೆ ಹತ್ತುವಾಗ ಚೆಂದ ಯಾರಿಗೆ ಬೇಕು?

ಆ ಏರಿನಲ್ಲೇ ತೊಂದರೆ ಶುರುವಾಗಿತ್ತು. ಫೋರ್ ವೀಲಿನ ಲೋ ಗೇರ್ ಲಿವರ್ ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಪೇಟೆಯ ಒಂದು ವರ್ಕ್‌ಶಾಪಿನವರು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಇಳಿಸಿ ಡೀಸೆಲ್ ಕೂರಿಸೋಣ ಎಂದು ಒಂದೂವರೆ ಲಕ್ಷದ ಲೆಕ್ಕ ಬರೆದುಕೊಟ್ಟಿದ್ದರು. ಈ ಮೇಸ್ತ್ರಿ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಲಿಲ್ಲ. ‘ಗೌಡರೇ, ಲೋ ಗೇರಿಗೆ ಹಾಕಿ, ಬ್ರೇಕ್ ತುಳಿದುಕೊಂಡೇ ಕ್ಲಚ್ ಸ್ವಲ್ಪ ಬಿಡಿ’ ಎಂದು ಹೇಳಿ, ಲಿವರಿನ ಪಕ್ಕಕ್ಕೆ ಕಣ್ಣಿಟ್ಟು ಬಗ್ಗಿ ನಿಂತರು. ಎಂಜಿನ್ ಒತ್ತಡಕ್ಕೆ ಬಂದಂತೆ ಲಿವರ್ ನನ್ನ ಮಂಡಿಯ ಕಡೆಗೆ ಎರಡು ಬೆರಳಿನಷ್ಟು ವಾಲಿತು. ಗೇರು ಸವೆದಿರಲಿಲ್ಲ, ಎಂಜಿನ್ ಕೂರುವ ರಬ್ಬರುಗಳು ಕೊಳೆತಿದ್ದವು. ಎಂಜಿನ್ನಿನ ಜೊತೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಎಲ್ಲವೂ ಹೊರಳಿ ಲಿವರನ್ನು ಎಳೆಯುತ್ತಿದ್ದವು. ರಬ್ಬರು, ಲಿವರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗು ಹೊಸದಾದವು. ಸ್ಟೀರಿಂಗಿನ ಆಟ ಕಡಿಮೆ ಮಾಡಿ, ಹಿಂದಿನ ಬ್ರೇಕಿನ ಆಯಿಲ್ ಸೀಲುಗಳನ್ನೂ ಬದಲಿಸಿ ತೆಗೆದುಕೊಂಡದ್ದು 14,500 ರೂಪಾಯಿ. ಬಿಲ್ಲು ಕ್ಯಾಲೆಂಡರಿನ ಹಿಂಬದಿಯಲ್ಲಿ, ಎರಡೇ ಸಾಲು.

ಮೇಸ್ತ್ರಿ ಸೈನ್ಯದ ವಾಹನ, ಯಂತ್ರಗಳ ದುರಸ್ತಿಗೆಂದೇ ಇರುವ ಇಎಂಇ ದಳದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಜಬಲ್ಪುರದಲ್ಲಿ 1969ರಿಂದ ತಯಾರಾದ ಜೋಂಗಾ ವಾಹನಗಳ ಹೊಟ್ಟೆಯಡಿಯಲ್ಲೇ ಅವರ ಅರ್ಧ ಆಯುಷ್ಯ ಕಳೆಯಿತಂತೆ. ನಿಸ್ಸಾನ್ ಪಟ್ರೋಲ್ ಮಾದರಿಯ ಆ ಗಾಡಿಗೆ ಆರು ಸಿಲಿಂಡರಿನ, ಹತ್ತಿರ ಹತ್ತಿರ ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ‘ಅದಕ್ಕೆ ಪೆಟ್ರೋಲ್ ಹಾಕಲು ಸರ್ಕಾರವೇ ಬೇಕು’ ಎನ್ನುತ್ತಾರೆ. ಅದಕ್ಕೇ ಜೋಂಗಾ ಕೊಳ್ಳುವ ಆಸೆ ಹೇಳಿಕೊಂಡು ಬಂದವರಿಗೆಲ್ಲ ಅವರದು ಒಂದೇ ಉತ್ತರ: ಬೇಡ.

ಶೆಡ್ಡಿನ ಮೂಲೆಯಲ್ಲಿ ಸೈನ್ಯದ ಡಿಸ್ಪೋಸಲ್ ಮಾರಾಟದಲ್ಲಿ ಬಂದ ಯುದ್ಧಕಾಲದ ಜೀಪೊಂದು ನಿಂತಿದೆ. ಅದು ಮಾರಾಟಕ್ಕಿಲ್ಲ. ಕಾಯುವವರಿಗೆ ಕಾಲ ಕಳೆಯಲು ಅದೊಂದೇ ಸಾಕು. ಎದುರಿನ ಜಾಲರಿಯಲ್ಲಿ ಒಂಬತ್ತು ಸೀಳುಗಳು. ನಾಗರಿಕ ಜೀಪುಗಳಲ್ಲಿ ಏಳು. ವಿಲ್ಲಿಸ್ ಒಂದಕ್ಕೇ ಅಷ್ಟು ಗಾಡಿ ಕೊಡಲಾಗದೆ ಅಮೆರಿಕ ಫೋರ್ಡ್ ಕಂಪನಿಗೂ ಅದೇ ನಕ್ಷೆ ಕೊಟ್ಟಿತು. ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದರು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿದ್ದರು. ಈ ಜೀಪಿನಲ್ಲಿ ಎಫ್ ಇರುವ ಬೋಲ್ಟುಗಳೂ ಇವೆ, ಇಲ್ಲದವೂ ಇವೆ. ಯಾವುದೋ ರಣರಂಗದ ಹಿಂದಿನ ವರ್ಕ್‌ಶಾಪಿನಲ್ಲಿ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸಿರಬೇಕು. ಎರಡೂ ಕಂಪನಿಯ ಭಾಗಗಳು ಒಂದಕ್ಕೊಂದು ಹೊಂದಬೇಕೆಂಬುದೇ ಸೈನ್ಯದ ಷರತ್ತಾಗಿತ್ತು.

ಮೇಸ್ತ್ರಿ ಬಾನೆಟ್ ಎತ್ತಿ, ಕಿವಿಯಿರುವ ಒಂದು ನಟ್ಟನ್ನು ಬೆರಳಿನಲ್ಲೇ ಸಡಿಲಿಸಿ ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರು. ದೀಪ ನೇರವಾಗಿ ಎಂಜಿನ್ನಿನ ಮೇಲೆ ಬಿತ್ತು. ರಾತ್ರಿ ರಿಪೇರಿಗೆ ಟಾರ್ಚ್ ಹಿಡಿಯುವ ಇನ್ನೊಬ್ಬ ಬೇಡ. ಇಂದಿನ ಯಾವ ದುಬಾರಿ ಗಾಡಿಯಲ್ಲಿ ಇಷ್ಟು ಬುದ್ಧಿ ಇದೆ?

ಒಂದು ಎಚ್ಚರಿಕೆಯನ್ನು ಎಲ್ಲರಿಗೂ ಹೇಳಿಯೇ ಕಳಿಸುತ್ತಾರೆ. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟರೆ, ಶಾಫ್ಟು ನಿಂತಿದ್ದರೂ ಆ ಚಕ್ರ ಗಾಳಿಯಲ್ಲಿ ತಿರುಗಿ, ಇಳಿಜಾರಿನಲ್ಲಿ ಗಾಡಿ ಹೊರಟುಬಿಡಬಹುದು. ಚಕ್ರಗಳಿಗೆ ಕಲ್ಲು ಕೊಡದೆ ಜಾಕ್ ಮುಟ್ಟಬೇಡಿ.

ನಾನಿದ್ದಾಗಲೇ ಬಂದ ಒಬ್ಬರು ಹಿಂದಿನ ಕಮಾನುಪಟ್ಟಿಗಳನ್ನು ಹೆಚ್ಚಿಸಿ ಹತ್ತು ಕ್ವಿಂಟಲ್ ಹೊರುವಂತೆ ಮಾಡಿಕೊಡಿ ಎಂದು ಹಟ ಹಿಡಿದರು. ‘ಅಬ್ದುಲ್ ಹಮೀದ್ ಇದೇ ಜೀಪಿನ ಮೇಲೆ ಫಿರಂಗಿ ಹೊತ್ತು ಪ್ಯಾಟನ್ ಟ್ಯಾಂಕ್ ಒಡೆಯಲಿಲ್ಲವೇ?’ ಎಂದರು. ಮೇಸ್ತ್ರಿ ಕೈ ಒರೆಸಿಕೊಂಡು ಕೂತು ವಿವರಿಸಿದರು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಂದಿಗಿನ ಯುದ್ಧದ ಅಸಲ್ ಉತ್ತರ್ ಕದನದಲ್ಲಿ 4 ಗ್ರೆನೆಡಿಯರ್ಸ್‌ನ ಹಮೀದರ ಜೀಪಿನ ಮೇಲಿದ್ದದ್ದು 106 ಮಿ.ಮೀ. ರಿಕಾಯಿಲ್‌ಲೆಸ್ ಗನ್. ಅದರ ತೂಕ ಸುಮಾರು 210 ಕಿಲೋ. ಸ್ಫೋಟದ ಅನಿಲ ಹಿಂದಿನಿಂದ ನುಗ್ಗಿಹೋಗುವುದರಿಂದ ಗನ್ ಹಿಂದಕ್ಕೆ ಒದೆಯುವುದಿಲ್ಲ. ಅದಕ್ಕೇ ಅಷ್ಟು ಹಗುರ ಗಾಡಿ ತಾಳಿತು. ಆದರೆ ಹಿಂದೆ ಏಳುವ ಧೂಳು ಜಾಗವನ್ನು ತೋರಿಸಿಕೊಡುತ್ತದೆ, ಹೊಡೆದ ಕೂಡಲೇ ಜಾಗ ಬಿಡಬೇಕು. ಹಮೀದರು ಹಾಗೆ ಜಾಗ ಬದಲಿಸುತ್ತಲೇ ಹೋರಾಡಿ ಸೆಪ್ಟೆಂಬರ್ 10ರಂದು ಹುತಾತ್ಮರಾದರು, ಮರಣೋತ್ತರ ಪರಮವೀರ ಚಕ್ರ ಬಂತು. ‘ಅಮೆರಿಕದ ಸೈನ್ಯ ಜೀಪನ್ನು ಕರೆದದ್ದೇ ಕಾಲು ಟನ್ನಿನ ಟ್ರಕ್ಕು ಎಂದು. ನಿಮಗೆ ಲಾರಿ ಬೇಕು ಸ್ವಾಮಿ’ ಎಂದು ಎದ್ದರು. ಆ ಮನುಷ್ಯ ಮುನಿಸಿಕೊಂಡು ಹೋದರು. ನನಗಂತೂ ಈ ಗ್ಯಾರೇಜಿನ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಬಣ್ಣದ ವಿಷಯದಲ್ಲೂ ಅವರು ಅಷ್ಟೇ ಗಟ್ಟಿ. ಬೆಂಗಳೂರಿನಿಂದ ಬಂದ ಹುಡುಗರು ಸೈನ್ಯದ ಹಸಿರು ಬಳಿದು ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಸಲು ಕೇಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ನಕ್ಷತ್ರವಾದರೋ ಅಮೆರಿಕದ ಪಡೆಗಳ ಗುರುತು, ನಮ್ಮ ಜೀಪಿನ ಮೇಲೆ ಅದಕ್ಕೇನು ಕೆಲಸ?

ಇನ್ನು ಬೈಯುವುದಿದ್ದರೆ, ಟಾಪಿನ ಕೆಲಸ. ಕ್ಯಾನ್ವಾಸ್ ಹೊಲಿಯಲು ಅವರು ಕೊಡುವ ಕಡೆಯ ಹೊಲಿಗೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತವರ ಬಲ ಮಂಡಿಗೇ ಸರಿಯಾಗಿ ನೀರು ತೊಟ್ಟಿಕ್ಕುತ್ತದೆ, ಮನೆಯಾಕೆ ಆ ಜೀಪು ಹತ್ತುವುದನ್ನೇ ಬಿಟ್ಟಿದ್ದಾಳೆ. ಎಂಜಿನ್, ಗೇರು, ಬ್ರೇಕಿಗೆ ಇಲ್ಲಿಗೆ ಹೋಗಿ, ಟಾಪನ್ನು ಬೇರೆ ಕಡೆ ಹೊಲಿಸಿ. ಮಳೆ ಜೋರಾಗಿ ಕೊಡಚಾದ್ರಿಯ ಬಾಡಿಗೆ ಕಡಿಮೆಯಾದಾಗ ಅಲ್ಲಿನ ಜೀಪುಗಳೆಲ್ಲ ಇಲ್ಲಿಗೇ ಬರುತ್ತವೆ, ಆ ದಿನಗಳಲ್ಲಿ ಹೋದರೆ ನಿಮ್ಮ ಸರದಿ ಬೇಗ ಬರುವುದಿಲ್ಲ. ಹಣ ನಗದಾಗಿಯೇ ಕೊಡಬೇಕು.