ಬಾಕಿ ಪಗಾರಕ್ಕೆ ಕಾಮಗಾರ ಭವನ: ಐದರಲ್ಲಿ ಮೂರೂವರೆ

ಮುಂಬೈ ಹೋಟೆಲುಗಳಲ್ಲಿ ದುಡಿಯುವ ನಮ್ಮವರ ಪಗಾರ, ಓಟಿ (ಹೆಚ್ಚುವರಿ ಗಂಟೆಗಳ ಹಣ) ಬಾಕಿ ಬಿದ್ದರೆ ತಟ್ಟಬೇಕಾದ ಬಾಗಿಲು ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕಾಮಗಾರ ಭವನ, ಅಂದರೆ ಕಾರ್ಮಿಕ ಆಯುಕ್ತರ ಕಚೇರಿ. ಅದಕ್ಕೆ ನಾನು ಕೊಡುವ ಅಂಕ ಐದರಲ್ಲಿ ಮೂರೂವರೆ. ಕಡಿತವಾದ ಒಂದೂವರೆ ಅಂಕದಲ್ಲಿ ದೊಡ್ಡ ಪಾಲು ಅರ್ಜಿ ಬರೆದವರ ತಪ್ಪಿಗೇ ಹೋಗಬೇಕು.

ಕಾನೂನು ಈಗ ಉದಾರವಾಗಿಯೇ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಕ್ಲೇಮ್ ಹಾಕಲು 3 ವರ್ಷ ಕೊಡುತ್ತದೆ. ಹಿಂದೆ ಪಗಾರಕ್ಕೆ 12 ತಿಂಗಳು, ಕನಿಷ್ಠ ವೇತನಕ್ಕೆ ಬರೀ 6 ತಿಂಗಳು. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಹಾಕಬಹುದು. ಕೆಲಸ ಬಿಟ್ಟವರ ಲೆಕ್ಕ 2 ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ತಿಂಗಳ ಪಗಾರಕ್ಕಿದ್ದ ಹಳೆಯ 24,000 ರೂಪಾಯಿ ಮಿತಿಯೂ ಹೋಗಿದೆ, ಹಾಗಾಗಿ ಗಲ್ಲಾದ ಮ್ಯಾನೇಜರೂ ಬರಬಹುದು.

ಎಡವುವುದು ಮೊದಲ ಹಾಳೆಯಲ್ಲೇ. ಎದುರುದಾರರ ಜಾಗದಲ್ಲಿ ಹೋಟೆಲಿನ ಬೋರ್ಡಿನ ಮೇಲಿರುವ ಹೆಸರು ಬರೆದುಬಿಡುತ್ತಾರೆ. ಎಷ್ಟೋ ಹೋಟೆಲು ಕಂಡಕ್ಟಿಂಗ್ ಮೇಲೆ ನಡೆಯುವಂಥವು: ಲೈಸೆನ್ಸ್ ಒಬ್ಬರದು, ಪಗಾರ ಕೊಡುವ ಸೇಟು ಇನ್ನೊಬ್ಬರು. ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರನ್ನು ಪೋರ್ಟಲಿನಲ್ಲಿ ಹಾಕಿದರೆ ಅಸಲಿ ಹೆಸರು ಸಿಗುತ್ತದೆ. ಗೋಡೆಗೆ ತೂಗಿರುವ ಫುಡ್ ಲೈಸೆನ್ಸಿನ ಫೋಟೋ ತೆಗೆದಿಡಿ. ಇಬ್ಬರನ್ನೂ ಸೇರಿಸಿ.

'ತುಂಬಾ ಓಟಿ ಮಾಡಿದ್ದೇನೆ' ಎಂದು ಬರೆದರೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಲೆಕ್ಕ ಹೀಗೆ ಬರೆಯಿರಿ: ಬಿಡುವು ಕಳೆದು ದಿನಕ್ಕೆ 12 ಗಂಟೆ ದುಡಿದರೆ 6 ದಿನಕ್ಕೆ 72. ದೊಡ್ಡ ಹೋಟೆಲಿಗೆ ವಾರದ ಮಿತಿ 48, ಉಳಿದ 24 ಗಂಟೆ ಓಟಿ. ಪಗಾರ 18,000 ಇದ್ದರೆ 26 ದಿನ, 8 ಗಂಟೆಯಂತೆ ಭಾಗಿಸಿ: ಗಂಟೆಗೆ 86.54. ಓಟಿ ದರ ಅದರ ದುಪ್ಪಟ್ಟು, ಅಂದರೆ 173, ವಾರಕ್ಕೆ ಸುಮಾರು 4,150. ಹೀಗೆ ವಾರವಾರದ ಪಟ್ಟಿ ಮಾಡಿ ಲಗತ್ತಿಸಿ.

ಪಗಾರ ಕೊಟ್ಟಿದ್ದೇನೆಂದು ತೋರಿಸುವ ಹೊರೆ ಮಾಲೀಕನದು, ಆದರೆ ಅಲ್ಲಿ ದುಡಿದದ್ದನ್ನು ನೀವೇ ತೋರಿಸಬೇಕು. ಪಿಎಫ್ ಪಾಸ್‌ಬುಕ್, ಬ್ಯಾಂಕ್ ಎಂಟ್ರಿ, ಡ್ಯೂಟಿ ಚಾರ್ಟಿನ ಫೋಟೋ, 'ನಾಳೆ ಬೆಳಿಗ್ಗೆ ಶಿಫ್ಟ್' ಎಂಬ ವಾಟ್ಸಾಪ್ ಮೆಸೇಜು, ಎಲ್ಲವೂ ನಡೆಯುತ್ತದೆ. ಕೈಗೆ ನಗದು ಎಣಿಸಿಕೊಂಡವರ ಪಾಡು ಕಷ್ಟ.

ಇನ್ಸ್‌ಪೆಕ್ಟರಿಗೆ ಕೊಡುವ ತಕ್ರಾರು ಬೇರೆ, ಕ್ಲೇಮ್ ತೀರ್ಮಾನಿಸುವ ಅಧಿಕಾರಿಯಾದ ಪ್ರಾಧಿಕಾರಿಯ ಮುಂದಿನ ಕ್ಲೇಮ್ ಬೇರೆ. ಹಣ ಕೊಡಿಸುವ ಆದೇಶ ಹೊರಡುವುದು ಎರಡನೆಯದರಿಂದ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಸಲೀಸು. ಕಾರ್ಮಿಕ ಸಂಘದ ಮೂಲಕವೂ ಹಾಕಬಹುದು.

3 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದಷ್ಟೇ ಕಾನೂನು ಹೇಳುತ್ತದೆ. ಉಳಿದ ಅಂಕ ಕಡಿತ ಆ 'ಪ್ರಯತ್ನ'ಕ್ಕೇ. ಆದೇಶವಾದ ಮೇಲೂ ಸೇಟು ಕೊಡದಿದ್ದರೆ ವಸೂಲಿ ಪ್ರಮಾಣಪತ್ರ ಕಲೆಕ್ಟರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಆಗ ಸೇಟಿನ ಬ್ಯಾಂಕ್ ಖಾತೆ ನಂಬರು ಬೇಕಾಗುತ್ತದೆ. ಹಳೆಯ ಪಗಾರದ ಚೆಕ್ಕೊಂದರ ಫೋಟೋ ಇದ್ದರೆ ಅದರಲ್ಲೇ ಇರುತ್ತದೆ.