ಕೊಟ್ಟಿಗೆ ಗೊಬ್ಬರ ಅಂತ ಕಾಂಗ್ರೆಸ್ ಗಿಡ ಕೊಂಡುಕೊಂಡೆ. ನೀವಾದರೂ ಹುಷಾರು

ಮೊದಲಿಗೇ ಹೇಳಿಬಿಡುತ್ತೇನೆ, ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಹಳ್ಳಿಯಲ್ಲಿ ಹುಟ್ಟಿದವನು ನಾನು. ಆದರೂ ಕಾಂಗ್ರೆಸ್ ಗಿಡಕ್ಕೆ, ಅದೇ ಪಾರ್ಥೇನಿಯಂ ಕಳೆಗೆ, ನೀರು ಹಾಕಿ ಬೆಳೆಸಿದೆ. ಹೌದು, ನೀರು ಹಾಕಿ. ಬೆಳಿಗ್ಗೆ, ಸಂಜೆ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ. ಮಳೆಗೆ ಮುಂಚೆ ನೀವೂ ಎಲ್ಲಿಂದಲೋ ಗೊಬ್ಬರ ಹೊಡೆಸುತ್ತೀರಲ್ವಾ, ಅದಕ್ಕೇ ಹೇಳುತ್ತಿದ್ದೇನೆ.

ತಿಪಟೂರು ಕಡೆ ನಮ್ಮದು 20 ಗುಂಟೆ ಇದೆ. ಹೋದ ವರ್ಷದವರೆಗೂ ಪಕ್ಕದ ಹೊಲದ ಅಜ್ಜ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡೋ ಲೆಕ್ಕದಲ್ಲಿ, ಮಾಡಿಕೊಂಡು ರಾಗಿ ಬೆಳೆಯುತ್ತಿದ್ದರು. ಹೊಲ ಕನ್ನಡಿ ಥರ ಇತ್ತು. ಈ ವರ್ಷ ನಾನೇ ತರಕಾರಿ ಹಾಕೋಣ ಅಂತ ಹೊರಟೆ. ಮನೆಯಲ್ಲಿ ದನ ಇಲ್ಲ, ಗೊಬ್ಬರ ಕೊಳ್ಳಲೇಬೇಕು. ಯಾರೋ ಒಬ್ಬರು ನಂಬರ್ ಕೊಟ್ಟರು. ನಮ್ಮ ಕಡೆ ಒಂದು ಟ್ರ್ಯಾಕ್ಟರ್ ಲೋಡಿಗೆ 6,500 ನಡೆಯುತ್ತಿತ್ತು. ಇವನು 5,500 ಅಂದ. ಸಾವಿರ ರೂಪಾಯಿ ಉಳಿಯಿತು ಅಂತ ನಾನು ಒಳಗೊಳಗೇ ಖುಷಿಪಟ್ಟೆ. ನಾಲ್ಕು ಲೋಡ್, 22,000. ಹತ್ತು ಸಾವಿರ ಫೋನ್‌ಪೇ ಮಾಡಿದೆ. ಬಿಲ್ಲು ಗಿಲ್ಲು ಏನೂ ಇಲ್ಲ. ಗೊಬ್ಬರಕ್ಕೆ ಬಿಲ್ ಯಾರು ಕೇಳ್ತಾರೆ ಹೇಳಿ.

ಬೆಳಿಗ್ಗೆ ಬರುತ್ತೇನೆ ಅಂದವನು ಬಂದಿದ್ದು ರಾತ್ರಿ ಏಳೂವರೆಗೆ. ಕತ್ತಲಲ್ಲಿ ಸುರಿದ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಒಣಗಿದ ಕಡ್ಡಿ, ಹುಲ್ಲು ಜಾಸ್ತಿ ಕಾಣಿಸಿತು. ಕೊಳೆತ ಗೊಬ್ಬರ ಕಪ್ಪಗೆ ಪುಡಿಪುಡಿ ಇರಬೇಕಲ್ವಾ? ಕೇಳಿದೆ. "ಎರಡು ವರ್ಷದ ತಿಪ್ಪೆ ಸಾರ್, ಬಾಯಿಗೆ ಹಾಕ್ಕೋಬೋದು" ಅಂದ. ಬಾಯಿಗೆ ಹಾಕಿಕೊಂಡು ತೋರಿಸು ಅನ್ನಬೇಕಿತ್ತು. ಅನ್ನಲಿಲ್ಲ. ಉಳಿದ ಹನ್ನೆರಡು ಸಾವಿರ ಕೈಯಲ್ಲಿ ಎಣಿಸಿ ಕೊಟ್ಟು, ಮೇಲಿಂದ ಟೀ ಕುಡಿಸಿ ಕಳಿಸಿದೆ.

ಹದಿನೇಳು ಗುಂಟೆಗೆ ಹರಡಿಸಿದೆ. ಮೂರು ಗುಂಟೆಗೆ ಸಾಲಲಿಲ್ಲ. ಈ ಮೂರು ಗುಂಟೆ ನೆನಪಿಟ್ಟುಕೊಳ್ಳಿ.

ಮೊದಲ ಮಳೆ ಬಿತ್ತು. ಏಳೆಂಟು ದಿನಕ್ಕೆ ನೆಲ ಪೂರ್ತಿ ಹಸಿರು ಸಸಿ. ಎಲೆ ಸೀಳುಸೀಳಾಗಿ, ನೆಲಕ್ಕೆ ಚಪ್ಪಟೆಯಾಗಿ ಸುತ್ತಲೂ ಹರಡಿಕೊಂಡು, ನೋಡೋಕೆ ಥೇಟ್ ಸೇವಂತಿಗೆ ಸಸಿ. ಕಾಂಗ್ರೆಸ್ ಗಿಡ ಅಂದರೆ ಸೊಂಟದೆತ್ತರ ಬೆಳೆದು ಬೆಳ್ಳಗೆ ಹೂ ಬಿಟ್ಟಿದ್ದು ಎಲ್ಲರಿಗೂ ಗೊತ್ತು. ಅದರ ಮೊಳಕೆ ಯಾರು ಬಗ್ಗಿ ನೋಡಿರುತ್ತಾರೆ? ನಾನಂತೂ ನೋಡಿರಲಿಲ್ಲ. ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ: "ಅಪ್ಪನ ಹೊಲದಲ್ಲಿ ತಾನಾಗೇ ಸೇವಂತಿಗೆ!" ಅತ್ತಿಗೆ ಹಾರ್ಟ್ ಹಾಕಿದರು. ಚಿಕ್ಕಪ್ಪ ಕೈ ಮುಗಿಯೋ ಚಿತ್ರ ಹಾಕಿದರು. ಈಗ ಆ ಫೋಟೋ ಡಿಲೀಟ್ ಮಾಡೋಣ ಅಂದರೂ ಆಗುತ್ತಿಲ್ಲ, ಟೈಮ್ ಮೀರಿದೆ.

ಅದೇ ಫೋಟೋನ ಗೊಬ್ಬರದವನಿಗೂ ಕಳಿಸಿದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇಲ್ಲೇ. ಅವನು ನೋಡಿದ, ನೀಲಿ ಟಿಕ್ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಫೋನ್ ಮಾಡಿ, "ಸಾರ್, ನಮ್ ತಿಪ್ಪೆ ಪಕ್ಕ ಸೇವಂತಿಗೆ ಹೊಲ ಇತ್ತು. ಬೀಜ ಬಿದ್ದಿರುತ್ತೆ. ನಿಮ್ ಅದೃಷ್ಟ ಬಿಡಿ" ಅಂದ. ನಿಮ್ಮ ಅದೃಷ್ಟ! ದಿನಾ ತಿಪ್ಪೆ ಕೆದಕೋ ಮನುಷ್ಯನಿಗೆ ಅದು ಯಾವ ಗಿಡ ಅಂತ ಗೊತ್ತಿಲ್ಲವಾ? ಗೊತ್ತಿತ್ತು. ನೂರಕ್ಕೆ ನೂರು ಗೊತ್ತಿತ್ತು. ಅವತ್ತೇ "ಕಿತ್ತಾಕಿ ಸಾರ್" ಅಂತ ಒಂದು ಮಾತು ಹೇಳಿದ್ದರೆ ಎರಡು ದಿನದಲ್ಲಿ ಕೆರೆದು ಹಾಕಬಹುದಿತ್ತು. ಅಷ್ಟು ಸಣ್ಣ ಸಸಿ. ಹೇಳಲಿಲ್ಲ. ನಾನು ಸೇವಂತಿಗೆ ಅಂತ ಸ್ಪ್ರಿಂಕ್ಲರ್ ಬೇರೆ ಬಿಟ್ಟೆ.

ಒಂದು ತಿಂಗಳು ಕಳೆಯಿತು. ಪಕ್ಕದ ಹೊಲದ ಅಜ್ಜ ಊರಿಗೆ ಹೋಗಿದ್ದವರು ವಾಪಸ್ ಬಂದರು. ಬದುವಿನ ಮೇಲೆ ನಿಂತು ಸುಮಾರು ಹೊತ್ತು ನೋಡಿದರು. ಒಂದು ಗಿಡ ಕಿತ್ತರು, ಎಲೆ ಹೊಸಕಿ ನನ್ನ ಮೂಗಿನ ಹತ್ತಿರ ಹಿಡಿದರು. "ಏನಪ್ಪಾ, ಇದನ್ನ ಯಾವಾಗಿಂದ ಬಿತ್ತೋಕೆ ಶುರು ಮಾಡ್ದೆ?" ಅಂದರು. ಅಷ್ಟರಲ್ಲಾಗಲೇ ತುದಿಯಲ್ಲಿ ಸಾಬಕ್ಕಿ ಥರ ಬಿಳಿ ಮೊಗ್ಗು. ನನಗೆ ಮಾತೇ ಹೊರಡಲಿಲ್ಲ. ಅಜ್ಜನಿಗೆ ಸಿಟ್ಟು ಬಂದಿದ್ದು ನನ್ನ ಹೊಲದ ಮೇಲಲ್ಲ. "ನಿಂದು ಹಾಳಾಗ್ಲಿ, ನಿನ್ನಿಷ್ಟ. ಗಾಳಿ ನನ್ ಕಡೆ ಬೀಸುತ್ತೆ ಕಣಪ್ಪ" ಅಂದರು.

ಕಳೆ ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಅವತ್ತು. ಗೊಬ್ಬರದವನಿಗೆ ಫೋನ್ ಹಚ್ಚಿ ಬೈದೆ. ಅವನ ಉತ್ತರ: "ಸಾರ್, ಮಣ್ಣು ಅಂದ್ಮೇಲೆ ಕಳೆ ಹುಟ್ಟದೆ ಕಲ್ಲು ಹುಟ್ಟುತ್ತಾ? ಎಲ್ರ ಹೊಲದಲ್ಲೂ ಕಳೆ ಇರುತ್ತೆ." ಕೇಳೋಕೆ ಸರಿ ಅನ್ನಿಸುತ್ತೆ. ಅಲ್ಲ. ರಾಗಿ ಹೊಲದಲ್ಲಿ ಅಣ್ಣೆ ಸೊಪ್ಪು ಹುಟ್ಟುತ್ತೆ, ಗೋಣಿ ಸೊಪ್ಪು ಹುಟ್ಟುತ್ತೆ, ಗಣಿಕೆ ಹುಟ್ಟುತ್ತೆ. ಅವೂ ಕಳೆಯೇ. ಅಮ್ಮ ಅದನ್ನೇ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಒಂದು ಸಲ ಕಿತ್ತರೆ ಆ ಬೆಳೆಗೆ ತೊಂದರೆ ಇಲ್ಲ, ದನ ತಿನ್ನುತ್ತೆ, ಯಾರ ಮೈಯೂ ತುರಿಸಲ್ಲ. ಇದು ಹಾಗಲ್ಲ. ಒಂದು ಗಿಡ ಹತ್ತು ಹದಿನೈದು ಸಾವಿರ ಬೀಜ ಉದುರಿಸುತ್ತೆ, ಚೆನ್ನಾಗಿ ಬೆಳೆದರೆ ಇನ್ನೂ ಜಾಸ್ತಿ. ಮೊಳಕೆ ಬಂದ ತಿಂಗಳು, ಒಂದೂವರೆ ತಿಂಗಳಿಗೇ ಹೂ. ಬೀಜ ಗಾಳಿಯಲ್ಲಿ, ನೀರಲ್ಲಿ, ಟ್ರ್ಯಾಕ್ಟರ್ ಚಕ್ರದ ಕೆಸರಲ್ಲಿ ಹೋಗುತ್ತೆ. ದನ ಸಾಮಾನ್ಯವಾಗಿ ಮೂತಿ ಹಾಕಲ್ಲ. ಮೇವಿಲ್ಲದೆ ತಿಂದರೆ ಹಾಲು ಕಹಿ. ಅದರಲ್ಲಿರೋ ಪಾರ್ಥೆನಿನ್ ಅನ್ನೋ ವಿಷ ಪಕ್ಕದ ಬೆಳೆಯ ಮೊಳಕೆಯನ್ನೂ ಏಳೋಕೆ ಬಿಡಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಇನ್ನೊಂದು ವಿಷಯ ಹೇಳಿದರು. ಈ ಗಿಡವನ್ನು ನಮ್ಮ ರಾಜ್ಯ ಸರ್ಕಾರ 1975ರಲ್ಲೇ ಅಪಾಯಕಾರಿ ಕಳೆ ಅಂತ ಘೋಷಿಸಿದೆಯಂತೆ, 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯ ಕೆಳಗೆ. ಅಂದರೆ ಇದು ನನ್ನ ಹೊಲದ ಖಾಸಗಿ ತಲೆನೋವಲ್ಲ, ಊರಿಗೇ ಹಬ್ಬೋ ಪೀಡೆ, ಅದಕ್ಕೇ ಕಾನೂನು ಮಧ್ಯೆ ಬಂದಿದ್ದು. ನಮ್ಮ ದೇಶದ ಗಿಡವೂ ಅಲ್ಲ. ಮೆಕ್ಸಿಕೋ ಕಡೆಯದು. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿ ಜೊತೆ ಬಂತು ಅನ್ನುತ್ತಾರೆ. ಅದನ್ನು ತಿಂದು ಹದ್ದುಬಸ್ತಿನಲ್ಲಿಡೋ ಹುಳಗಳು ಅಲ್ಲೇ ಉಳಿದವು, ಗಿಡ ಮಾತ್ರ ಇಲ್ಲಿಗೆ ಬಂತು. ಆಮೇಲೆ 1984ರಲ್ಲಿ ಮೆಕ್ಸಿಕೋದ ಒಂದು ದುಂಬಿಯನ್ನು ಬೆಂಗಳೂರಲ್ಲಿ ತಂದು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ತಿನ್ನುತ್ತೆ, ನಿಜ. ನಮ್ಮ ಹೊಲದಲ್ಲೂ ನಾಲ್ಕು ಕಂಡವು, ಬೆನ್ನ ಮೇಲೆ ಕಂದು ಗೆರೆ. ಹದಿನೇಳು ಗುಂಟೆಗೆ ನಾಲ್ಕು ದುಂಬಿ! (ಕಾಂಗ್ರೆಸ್ ಅಂತ ಹೆಸರು ಯಾಕೆ ಬಂತು ಅನ್ನೋ ಜಗಳ ದಯವಿಟ್ಟು ಇಲ್ಲಿ ಬೇಡ.)

"ಕಾನೂನಿದೆ ಅಂದ್ರಲ್ಲ, ಅವನ ಮೇಲೆ ದೂರು ಕೊಡ್ಲಾ?" ಅಂದೆ. ಅಧಿಕಾರಿ "ಬಿಲ್ ಇದೆಯಾ?" ಅಂದರು. ಇಲ್ಲ. ಬಿತ್ತನೆ ಬೀಜ ಆಗಿದ್ದರೆ ಅದರಲ್ಲಿ ಕಳೆ ಬೀಜ ಎಷ್ಟರವರೆಗೆ ಇರಬಹುದು ಅಂತ ಮಿತಿ ಇದೆ, ಪರೀಕ್ಷೆ ಇದೆ. ಟ್ರ್ಯಾಕ್ಟರಲ್ಲಿ ಬರೋ ತಿಪ್ಪೆ ಗೊಬ್ಬರಕ್ಕೆ ಚೀಟಿ ಯಾರು ಅಂಟಿಸುತ್ತಾರೆ?

ಗೊಬ್ಬರದವನ ವರಸೆ ಆಮೇಲೆ ಬದಲಾಯಿತು. "ನಿಮ್ ಹೊಲದಲ್ಲೇ ಇತ್ತು ಸಾರ್, ನಮ್ ಗೊಬ್ಬರದಿಂದ ಅಲ್ಲ." ಆಗ ಆ ಮೂರು ಗುಂಟೆಯ ಫೋಟೋ ಕಳಿಸಿದೆ. ಗೊಬ್ಬರ ಬಿದ್ದಲ್ಲಿ ಕಾಂಗ್ರೆಸ್, ಬೀಳದ ಕಡೆ ಬರೀ ಗರಿಕೆ, ಅಣ್ಣೆ. ಮಧ್ಯೆ ದಾರ ಹಿಡಿದು ಎಳೆದ ಹಾಗೆ ಗೆರೆ. ಇದಕ್ಕೇನಂತೀಯ ಅಂದೆ. "ನೋಡಿ ಸಾರ್, ಗೊಬ್ಬರ ಎಷ್ಟು ಪವರ್ ಇದೆ ಅಂತ" ಅಂದ. ಕೇಳಿ ಸ್ವಾಮಿ, ಹೀಗಂದ ಅವನು!

ಕೀಳಿಸೋ ಕಥೆ ಬೇರೆ. ಆರು ಜನ ಹೆಣ್ಣಾಳು, ಎರಡು ದಿನ, ಕೂಲಿ 450. ಒಂದು ಸಲಕ್ಕೆ 5,400. ಮೂರು ಸಲ ಕೀಳಿಸಿದೆ, 16,200 ಹೋಯಿತು. ಲೋಡಿಗೆ ಸಾವಿರ ಉಳಿಸಿದ್ದೆನಲ್ಲ, ಆ ಲಾಭದ ಲೆಕ್ಕ ಇದು. ದುಡ್ಡು ಹೋಗಲಿ. ಅಮ್ಮ ನಾನು ಬೇಡ ಅಂದರೂ ಕೇಳದೆ ಬರಿಗೈಯಲ್ಲಿ ಕಿತ್ತರು. ಮೂರನೇ ದಿನ ಕತ್ತು, ಮೊಣಕೈ ಒಳಗೆ, ಕಣ್ಣಿನ ರೆಪ್ಪೆ ಎಲ್ಲ ಕೆಂಪಗೆ ಊದಿಕೊಂಡಿತು. ರಾತ್ರಿ ಎಲ್ಲಾ ತುರಿಕೆ. ಚರ್ಮದ ಡಾಕ್ಟರ್ ನೋಡಿದ ತಕ್ಷಣ "ಕಾಂಗ್ರೆಸ್ ಗಿಡ ಮುಟ್ಟಿದ್ರಾ?" ಅಂದರು. ಒಂದು ಸಲ ಮೈಗೆ ಹತ್ತಿದರೆ ಆಮೇಲೆ ಗಿಡ ಮುಟ್ಟಲೇಬೇಕಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದರೂ ಸಾಕಂತೆ. ಅಮ್ಮ ಈಗ ಹೊಲದ ಕಡೆ ಬರುತ್ತಿಲ್ಲ. ಅವರ ಹೊಲ ಅದು.

ಇಷ್ಟೇ ಅಂದುಕೊಂಡೆ. ಇಲ್ಲ, ಗೊಬ್ಬರದಲ್ಲಿ ಇನ್ನೊಂದು ಪ್ರಸಾದ ಇತ್ತು. ಕೊನ್ನಾರಿ ಗೆಡ್ಡೆ. ಒಂದು ಮೂಲೆಯಲ್ಲಿ ಕಡು ಹಸಿರು, ಹೊಳೆಯೋ ಹುಲ್ಲು ಕಂಡಿತು. ಸುಮ್ನೆ ಹುಲ್ಲು ಅಂತ ಟಿಲ್ಲರ್ ಹೊಡೆಸಿದೆ. ಎರಡನೇ ಪೆದ್ದುತನ. ಅದು ಬೀಜಕ್ಕಿಂತ ಗೆಡ್ಡೆಯಿಂದಲೇ ಹಬ್ಬೋ ಜಾತಿ. ಮಣ್ಣೊಳಗೆ ಗೆಡ್ಡೆಗಳು ಜಪಸರದ ಮಣಿ ಥರ ದಾರದಲ್ಲಿ ಪೋಣಿಸಿಕೊಂಡಿರುತ್ತವೆ. ಟಿಲ್ಲರ್ ಆ ದಾರ ಕತ್ತರಿಸಿತು, ಬಿಡಿಬಿಡಿಯಾದ ಮಣಿಗಳನ್ನ ಹೊಲದ ತುಂಬಾ ಹಂಚಿತು. ಒಂದೊಂದು ಮಣಿಗೂ ಮೊಳಕೆ. ಮೂಲೆಯಲ್ಲಿದ್ದದ್ದು ಅರ್ಧ ಹೊಲಕ್ಕೆ ಬಂತು. ಟೊಮೆಟೊ ಸಾಲಿಗೆ ಮಲ್ಚಿಂಗ್ ಶೀಟ್ ಹಾಸಿದೆ, ಪ್ಲಾಸ್ಟಿಕ್ ಕೆಳಗೆ ಸಾಯಲಿ ಅಂತ. ನಾಲ್ಕೇ ದಿನಕ್ಕೆ ಶೀಟನ್ನ ದಬ್ಬಳದ ಥರ ಚುಚ್ಚಿಕೊಂಡು ಮೇಲೆ ಬಂತು. ಟಪ್ ಟಪ್ ಅಂತ ತೂತು. ನನ್ನ ಟೊಮೆಟೊ ಸಸಿ ನೆಟ್ಟ ತೂತಿಗಿಂತ ಅದರ ತೂತೇ ಜಾಸ್ತಿ.

ಇದನ್ನೂ ಗೊಬ್ಬರದವನಿಗೆ ಹೇಳಿದೆ. ಬುದ್ಧಿ ಇಲ್ಲ ನನಗೆ, ಮತ್ತೆ ಹೇಳಿದೆ. "ಅಯ್ಯೋ, ಅದು ಭದ್ರಮುಷ್ಟಿ ಸಾರ್, ಔಷಧಿ! ಗ್ರಂಧಿಗೆ ಅಂಗಡೀಲಿ ದುಡ್ಡು ಕೊಟ್ಟು ತಗೋತಾರೆ, ನಿಮಗೆ ಫ್ರೀ ಬಂದಿದೆ" ಅಂದ. ಔಷಧಿ ಅನ್ನೋದು ಸುಳ್ಳಲ್ಲ, ಅದೇ ಉರಿ. ಅರ್ಧ ದುಡ್ಡಾದರೂ ವಾಪಸ್ ಕೊಡು ಅಂದೆ. "ಗೊಬ್ಬರ ವಾಪಸ್ ಕೊಡಿ, ದುಡ್ಡು ಕೊಡ್ತೀನಿ" ಅಂದ. ಹರಡಿ, ಉತ್ತು, ಮಳೆ ಹೊಯ್ದು ಮಣ್ಣಾಗಿರೋದನ್ನ ವಾಪಸ್ ಕೊಡಬೇಕಂತೆ!

ಆಮೇಲೆ ಒಂದು ದಿನ ಗಾಡಿ ತಗೊಂಡು ಅವನ ತಿಪ್ಪೆ ನೋಡೋಕೆ ಹೋದೆ. ಮೊದಲೇ ಹೋಗಬೇಕಿತ್ತು. ತಿಪ್ಪೆ ಸುತ್ತ ಎದೆಯುದ್ದ ಕಾಂಗ್ರೆಸ್, ಬೀಜ ನೇರ ತಿಪ್ಪೆ ಮೇಲೇ ಉದುರುತ್ತಿದೆ. ಹೂ ಬಿಟ್ಟ ಗಿಡಗಳನ್ನೇ ಕುಯ್ದು ಮೇಲೆ ಎಸೆದಿದ್ದಾರೆ. ಸರಿಯಾಗಿ ಕೊಳೆತರೆ ತಿಪ್ಪೆ ಒಳಗೆ ಕೈ ಇಡೋಕಾಗದಷ್ಟು ಬಿಸಿ ಆಗುತ್ತೆ, ಆ ಬಿಸಿಗೆ ಬೀಜ ಸಾಯುತ್ತೆ. ಇವನು ತಿರುವಿಲ್ಲ, ನೀರು ಬಿಟ್ಟಿಲ್ಲ. ಮೇಲಿಂದ ಒಣಗಿಸಿ ಜೆಸಿಬಿಯಲ್ಲಿ ಬಾಚಿ ತುಂಬಿದ್ದಾನೆ. ಎರಡು ವರ್ಷದ ತಿಪ್ಪೆಯಂತೆ.

ಹಂಗಾಗಿ, ಗೊಬ್ಬರ ಕೊಳ್ಳೋರು ತಿಪ್ಪೆ ನೋಡದೆ ಒಂದು ರೂಪಾಯಿ ಕೊಡಬೇಡಿ. ಹಗಲಲ್ಲಿ ಇಳಿಸಿಕೊಳ್ಳಿ. ಮೊದಲು ಒಂದು ಚೀಲ ತಂದು, ಬಾಣಲಿಯಲ್ಲಿ ಹಾಕಿ, ಎರಡು ವಾರ ನೀರು ಚಿಮುಕಿಸಿ ಏನು ಹುಟ್ಟುತ್ತೆ ನೋಡಿ. ಸೀಳೆಲೆ ಸಸಿ ಹುಟ್ಟಿದರೆ ಸೇವಂತಿಗೆ ಅಂತ ಖುಷಿಪಡಬೇಡಿ. ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೆ, ನೆಲ ಹಸಿ ಇದ್ದಾಗ, ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕೀಳಿ. ಆಗ ಬೇಕಾದರೆ ಅದನ್ನೇ ಗೊಬ್ಬರ ಮಾಡಬಹುದು. ಹೂ ಬಂದ ಮೇಲೆ ಮಾತ್ರ ತಿಪ್ಪೆಗೆ ಹಾಕಲೇಬೇಡಿ. ಕೊನ್ನಾರಿ ಕಂಡರೆ ಟಿಲ್ಲರ್‌ನವನನ್ನ ಹೊಲದೊಳಗೆ ಬಿಡಬೇಡಿ, ಗುದ್ದಲಿ ಹಿಡಿದು ಗೆಡ್ಡೆ ಸಮೇತ ಅಗೆಯಿರಿ. ಮತ್ತೆ ಬಿಲ್. ಒಂದು ಬಿಳಿ ಹಾಳೆ ಮೇಲಾದರೂ ಬರೆಸಿಕೊಳ್ಳಿ.

ಅಜ್ಜ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಅವರ ಬದುವಿನ ಮೇಲೂ ಎಂಟು ಹತ್ತು ಸಸಿ ಎದ್ದಿವೆ. ದಿನಾ ಬೆಳಿಗ್ಗೆ ನಾನೇ ಹೋಗಿ ಕೀಳುತ್ತೇನೆ. ಅವರು ನೋಡಿಯೂ ನೋಡದ ಹಾಗೆ ಬೀಡಿ ಸೇದುತ್ತಾ ಕೂತಿರುತ್ತಾರೆ.

ನಿನ್ನೆ ಗೊಬ್ಬರದವನಿಂದ ಮೆಸೇಜ್ ಬಂತು. "ಸಾರ್, ಹೊಸ ಲೋಡ್ ರೆಡಿ. ಹಳೇ ಗಿರಾಕಿ ಅಂತ ನಿಮಗೆ 500 ಕಮ್ಮಿ." ಜೊತೆಗೆ ಒಂದು ಫೋಟೋ. ದೊಡ್ಡದು ಮಾಡಿ ನೋಡಿದೆ. ಟ್ರ್ಯಾಲಿ ಹಿಂದೆ, ತಿಪ್ಪೆ ಸುತ್ತ, ಬೆಳ್ಳಗೆ ಹೂ.